ಹಿಮದ ಗಾಯಕ್ಕೆ ಬರೆಯುವ ಅಂಕಿ

ನಮ್ಮ ನಾಡಿನ ಗೃಹಸ್ಥನು ಭೂಮಿಯ ಕಾಗದಗಳನ್ನು ಎಷ್ಟು ಜೋಪಾನದಿಂದ ಇಟ್ಟುಕೊಳ್ಳುವನೆಂಬುದು ಎಲ್ಲರೂ ಬಲ್ಲ ಸಂಗತಿ. ಸರ್ವೆ ನಂಬರು, ಪಹಣಿ, ಚಕ್ಕುಬಂದಿ, ಕಂದಾಯದ ರಸೀದಿ ಇವೆಲ್ಲವೂ ಪೆಟ್ಟಿಗೆಯ ತಳದಲ್ಲಿ ಬಟ್ಟೆಯೊಳಗೆ ಸುತ್ತಿ ಇರುತ್ತವೆ. ಒಂದು ಅಂಕಿ ತಪ್ಪಿದರೆ ಒಂದು ಹೊಲವೇ ತಪ್ಪೀತೆಂಬ ಭಯ ಅವನಿಗುಂಟು. ಅದೇ ಗೃಹಸ್ಥನು ಆಸ್ಪತ್ರೆಯಿಂದ ಮನೆಗೆ ಹಿಂದಿರುಗುವಾಗ ಕೊಟ್ಟ ಕಾಗದವನ್ನು ಮಾತ್ರ ಔಷಧದ ಅಂಗಡಿಯಲ್ಲಿ ತೋರಿಸಿದ ಮೇಲೆ ಮರೆತುಬಿಡುತ್ತಾನೆ. ಹೊಲಕ್ಕೆ ಇರುವಂತೆಯೇ ರೋಗಕ್ಕೂ ಗಾಯಕ್ಕೂ ಒಂದು ಸಂಖ್ಯೆಯುಂಟು, ಆ ಸಂಖ್ಯೆಯು ಲೋಕದ ಎಲ್ಲ ದೇಶಗಳಲ್ಲಿಯೂ ಒಂದೇ ಅರ್ಥವನ್ನು ಹೇಳುತ್ತದೆ, ಅದು ತಪ್ಪಿದರೆ ಹೊಲ ತಪ್ಪಿದಷ್ಟೇ ನಷ್ಟವಾಗಬಹುದು ಎಂಬ ವಿಷಯವು ಬಹುಜನರ ಗಮನಕ್ಕೆ ಬಂದಿಲ್ಲ. ಈ ತಿಂಗಳು ಇದನ್ನೇ ವಾಚಕಮಹಾಶಯರ ಮುಂದೆ ಇಡಲಿಚ್ಛಿಸುತ್ತೇವೆ. ದೃಷ್ಟಾಂತಕ್ಕಾಗಿ ನಾವು ಆರಿಸಿಕೊಂಡಿರುವುದು ಹಿಮಕಡಿತವನ್ನು, ಎಂದರೆ ಅತಿಶೈತ್ಯದಿಂದ ಅಂಗಗಳು ಹೆಪ್ಪುಗಟ್ಟಿ ಸಾಯುವ ಗಾಯವನ್ನು.

ಶ್ರವಣಬೆಳಗೊಳದಲ್ಲಿ ಕುಳಿತು ಹಿಮದ ಗಾಯವನ್ನು ಕುರಿತು ಬರೆಯುವುದೇಕೆ, ಇಲ್ಲಿ ಧನುರ್ಮಾಸದ ಬೆಳಗಿನಲ್ಲಿಯೂ ಕಲ್ಯಾಣಿಯ ನೀರು ಹೆಪ್ಪುಗಟ್ಟುವುದಿಲ್ಲವಷ್ಟೆ, ಎಂದು ಯಾರಾದರೂ ಕೇಳಬಹುದು. ಉತ್ತರವು ದೂರದಲ್ಲಿಲ್ಲ. 2016ನೆಯ ಇಸವಿ ಫೆಬ್ರುವರಿ 3ನೆಯ ತಾರೀಖಿನಂದು ಸಿಯಾಚಿನ್ ನೀರ್ಗಲ್ಲ ಪ್ರದೇಶದಲ್ಲಿ, ಸುಮಾರು 19,600 ಅಡಿಗಳ ಎತ್ತರದ ಸೋನಂ ಎಂಬ ಠಾಣೆಯ ಮೇಲೆ ಹಿಮದ ಗೋಡೆಯೊಂದು ಕುಸಿದು, ಮದ್ರಾಸ್ ರೆಜಿಮೆಂಟಿನ 19ನೆಯ ದಳದ ಠಾಣೆಯಲ್ಲಿದ್ದ ಹತ್ತು ಮಂದಿ ಯೋಧರು ಹೂತುಹೋದರು. ಅವರಲ್ಲಿ ಸುಬೇದಾರ್ ಟಿ. ಟಿ. ನಾಗೇಶರು ನಮ್ಮ ಹಾಸನ ತಾಲ್ಲೂಕಿನ ತೇಜೂರಿನವರು. ಸಿಪಾಯಿ ಪಿ. ಎನ್. ಮಹೇಶರು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಕಡೆಯವರು. ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರು ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನವರು. ರಾಗಿಯ ಹೊಲಗಳ ನಡುವೆಯೂ ಕರಿಯ ಎರೆಯ ನೆಲದಲ್ಲಿಯೂ ಬೆಳೆದ ಮಕ್ಕಳು ಹಿಮದಲ್ಲಿ ಅಡಗಿದರು. ಆದುದರಿಂದ ಹಿಮದ ಗಾಯವು ನಮ್ಮ ಜಿಲ್ಲೆಗೆ ಪರದೇಶದ ವಿಷಯವಲ್ಲ.

ಸಿಯಾಚಿನ್ನಿನಲ್ಲಿ ನಮ್ಮ ಸೇನೆಯು ನೆಲೆಗೊಂಡದ್ದು 1984ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ. ಆ ಕಾರ್ಯಾಚರಣೆಗೆ ಕಾಳಿದಾಸನ ಕಾವ್ಯದ ಹೆಸರನ್ನೇ ತೆಗೆದುಕೊಂಡು ‘ಮೇಘದೂತ’ವೆಂದು ಕರೆದರು. ಕವಿಯ ಮೇಘವು ಹಿಮಾಲಯಕ್ಕೆ ವಿರಹಿಯ ಸಂದೇಶವನ್ನು ಒಯ್ದಿತು. ಈ ಮೇಘದೂತವು ಒಯ್ದದ್ದು ಮನುಷ್ಯರನ್ನೇ. 2003ನೆಯ ಇಸವಿ ನವೆಂಬರಿನಲ್ಲಿ ಗುಂಡಿನ ಕಾಳಗವು ನಿಂತ ಮೇಲೆಯೂ ಅಲ್ಲಿ ಪ್ರಾಣಹಾನಿಯು ನಿಲ್ಲಲಿಲ್ಲ. ಅಲ್ಲಿ ಶತ್ರುವಿಗಿಂತ ಪ್ರಬಲವಾದುದು ಶೈತ್ಯವೂ, ಹಿಮಪಾತವೂ, ಪ್ರಾಣವಾಯುವಿನ ಕೊರತೆಯೂ.

ಹನುಮಂತಪ್ಪನವರ ವೃತ್ತಾಂತವನ್ನು ಕನ್ನಡನಾಡು ಮರೆತಿಲ್ಲ. ಆರನೆಯ ದಿನ, ಫೆಬ್ರುವರಿ 8ರಂದು, ಸುಮಾರು 25ರಿಂದ 30 ಅಡಿಗಳ ಆಳದ ಹಿಮವನ್ನು ಕೊರೆದಾಗ ಅವರು ಜೀವಸಹಿತ ದೊರೆತರು. ನಮ್ಮ ದೊಡ್ಡಬೆಟ್ಟದ ಗೊಮ್ಮಟಸ್ವಾಮಿಯ ವಿಗ್ರಹದ ಎತ್ತರವು ಸುಮಾರು 58 ಅಡಿ. ಅದರ ಅರ್ಧದಷ್ಟು ಆಳದ ಹಿಮವು ಮೈಮೇಲೆ ಇದ್ದಿತೆಂದು ಊಹಿಸಿಕೊಂಡರೆ ಸಂಗತಿಯು ತಿಳಿದೀತು. ದೆಹಲಿಯ ಸೇನಾ ಆಸ್ಪತ್ರೆಗೆ ಅವರನ್ನು ತಂದರು. ದೇಶದ ನಾನಾಕಡೆ ಜನರು ಪೂಜೆ ಪ್ರಾರ್ಥನೆಗಳನ್ನು ಮಾಡಿದರು. ಆದರೂ ಫೆಬ್ರುವರಿ 11ರ ಪೂರ್ವಾಹ್ನದಲ್ಲಿ ಪ್ರಾಣವು ಹೋಯಿತು. ಪತ್ನಿಯನ್ನೂ ಪುಟ್ಟ ಮಗಳನ್ನೂ ಅವರು ಬಿಟ್ಟುಹೋದರು.

ಆ ದಿನಗಳಲ್ಲಿ ಆಸ್ಪತ್ರೆಯು ಹೊರಡಿಸಿದ ಪ್ರಕಟಣೆಯಲ್ಲಿ ವಿಚಾರಮಾಡತಕ್ಕ ಅಂಶವೊಂದಿದ್ದಿತು. ರೋಗಿಗೆ ಎಚ್ಚರವಿಲ್ಲ, ರಕ್ತದ ಒತ್ತಡವು ಕುಸಿದಿದೆ, ಶ್ವಾಸಕೋಶಕ್ಕೆ ಸೋಂಕು ತಗಲಿದೆ, ಯಕೃತ್ತೂ ಮೂತ್ರಪಿಂಡಗಳೂ ಕೆಟ್ಟಿವೆ, ಆದರೆ ಶೈತ್ಯದಿಂದುಂಟಾಗುವ ಹಿಮಕಡಿತವಾಗಲಿ ಮೂಳೆಯ ಮುರಿತವಾಗಲಿ ಇಲ್ಲವೆಂದು ಅದರಲ್ಲಿ ಹೇಳಿದ್ದರು. ಆರು ದಿನಗಳು ಹಿಮದ ಕೆಳಗಿದ್ದವನಿಗೆ ಹಿಮಕಡಿತವಿಲ್ಲವೆಂದರೇನೆಂದು ಅನೇಕರು ಆಶ್ಚರ್ಯಪಟ್ಟರು. ಆ ಮಾತು ಸಹಜವಾದುದೇ. ಏತಕ್ಕೆಂದರೆ, ಚಳಿಯಿಂದ ದೇಹಕ್ಕಾಗುವ ಕೇಡು ಎರಡು ಬಗೆಯದು. ಮೈಯೊಳಗಿನ ಶಾಖವು ಒಟ್ಟಾರೆ 35 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಇಳಿದು ಹೃದಯ, ಮೆದುಳು ಮೊದಲಾದ ಒಳಯಂತ್ರಗಳೆಲ್ಲ ಮಂದವಾಗುವುದು ಒಂದು. ಇದನ್ನು ಶಾಖಹೀನತೆ ಎನ್ನಬಹುದು. ಬೆರಳು, ಮೂಗು, ಕಿವಿಗಳಂತಹ ಹೊರಗಿನ ಅಂಗವು ಅಲ್ಲಿಯೇ ಹೆಪ್ಪುಗಟ್ಟಿ ಸಾಯುವುದು ಇನ್ನೊಂದು. ಇದೇ ಹಿಮಕಡಿತ. ಒಂದಿದ್ದಲ್ಲಿ ಇನ್ನೊಂದು ಇರಲೇಬೇಕೆಂಬ ನಿಯಮವಿಲ್ಲ. ಲೋಕವು ಎರಡನ್ನೂ ‘ಚಳಿ ಬಡಿಯಿತು’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತದೆ. ವೈದ್ಯನು ಹಾಗೆ ಹೇಳಲಾಗದು. ಎರಡಕ್ಕೂ ಚಿಕಿತ್ಸೆ ಬೇರೆ, ಫಲ ಬೇರೆ, ಸಂಖ್ಯೆಯೂ ಬೇರೆ.

ಹಿಮಕಡಿತವು ಆಗುವ ಕ್ರಮವನ್ನು ಸ್ವಲ್ಪ ತಿಳಿಯೋಣ. ಅತಿಶೈತ್ಯಕ್ಕೆ ಸಿಕ್ಕಿದ ದೇಹವು ಪ್ರಾಣರಕ್ಷಣೆಗಾಗಿ ರಕ್ತವನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಬರಗಾಲದಲ್ಲಿ ತೂಬನ್ನು ಮುಚ್ಚಿದರೆ ಕೊನೆಯ ಗದ್ದೆಗಳು ಮೊದಲು ಒಣಗುವಂತೆ, ಕೈಕಾಲುಗಳ ಬೆರಳುಗಳು ಮೊದಲು ರಕ್ತವನ್ನು ಕಳೆದುಕೊಳ್ಳುತ್ತವೆ. ಬಳಿಕ ಅಲ್ಲಿನ ನೀರು ಹರಳುಗಟ್ಟುತ್ತದೆ. ಹರಳುಗಳು ಜೀವಕೋಶಗಳನ್ನು ಸೀಳುತ್ತವೆ. ಬೆಚ್ಚಗೆ ಮಾಡಿದ ಮೇಲೆಯೂ ಕೇಡು ಮುಗಿಯುವುದಿಲ್ಲ. ಗಾಯಗೊಂಡ ಸೂಕ್ಷ್ಮನಾಳಗಳಲ್ಲಿ ರಕ್ತವು ಗರಣೆಗಟ್ಟಿ ದಾರಿಯು ಮುಚ್ಚಿಹೋಗುತ್ತದೆ. ಈಗಿನ ವೈದ್ಯರು ಇದನ್ನು ನಾಲ್ಕು ಹಂತಗಳಾಗಿ ವಿಂಗಡಿಸುವ ವಾಡಿಕೆಯುಂಟು: ಚರ್ಮವು ಬಿಳಿಚಿ ಜೋಮು ಹಿಡಿಯುವುದು ಮೊದಲನೆಯದು, ತಿಳಿನೀರಿನ ಬೊಕ್ಕೆ ಏಳುವುದು ಎರಡನೆಯದು, ರಕ್ತದ ಬೊಕ್ಕೆ ಎದ್ದು ಚರ್ಮದ ಆಳವು ಸಾಯುವುದು ಮೂರನೆಯದು, ಮಾಂಸ ಮೂಳೆಗಳವರೆಗೆ ಕಪ್ಪಾಗುವುದು ನಾಲ್ಕನೆಯದು.

ಸಂಸ್ಕೃತವನ್ನು ಓದಿದವರಿಗೆ ಇದು ಪೂರಾ ಹೊಸದಾಗಿ ತೋರದು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಅಗ್ನಿಕರ್ಮವನ್ನು ಹೇಳುವ ಅಧ್ಯಾಯವಿದೆ. ಸುಟ್ಟ ಗಾಯವನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧವೆಂದು ಅಲ್ಲಿಯೂ ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಅದೇ ಅಧ್ಯಾಯದಲ್ಲಿ ಶೀತದಿಂದಲೂ ಮಳೆಗಾಳಿಗಳಿಂದಲೂ ದಗ್ಧನಾದವನಿಗೆ ಸ್ನಿಗ್ಧವಾದ, ಉಷ್ಣವಾದ ಉಪಚಾರವು ಹಿತವೆಂಬ ಮಾತೂ ಇದೆ. ಶೀತವು ಸುಡುತ್ತದೆಯೆಂಬುದನ್ನು ಆಚಾರ್ಯರು ಕಂಡಿದ್ದರು. ಮಂಜು ಬಿದ್ದು ಬೆಳೆ ಸುಟ್ಟುಹೋಯಿತೆಂದು ನಮ್ಮ ರೈತರು ಹೇಳುವ ಮಾತಿನಲ್ಲಿಯೂ ಇದೇ ತಿಳಿವಳಿಕೆ ಅಡಗಿದೆ.

ಇನ್ನು ಸಂಖ್ಯೆಯ ವಿಷಯ. ಜನರು ಯಾವ ಯಾವ ಕಾರಣಗಳಿಂದ ಸಾಯುವರೆಂಬುದನ್ನು ಎಣಿಸಿ ನೋಡುವ ಪದ್ಧತಿಯು ಪಶ್ಚಿಮದಲ್ಲಿ ಹದಿನೇಳನೆಯ ಶತಮಾನದಿಂದ ಬೆಳೆಯಿತು. ಲಂಡನ್ ಪಟ್ಟಣದ ಮರಣಪಟ್ಟಿಗಳನ್ನು ಕಲೆಹಾಕಿ ಜಾನ್ ಗ್ರಾಂಟ್ ಎಂಬ ವರ್ತಕನು 1662ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ವಿಲಿಯಂ ಫಾರ್ ಎಂಬ ವೈದ್ಯನು ಇಂಗ್ಲೆಂಡಿನ ಜನನಮರಣದ ಕಚೇರಿಯಲ್ಲಿದ್ದುಕೊಂಡು, ಒಂದೇ ರೋಗಕ್ಕೆ ಮೂರು ನಾಲ್ಕು ಹೆಸರುಗಳೂ ಒಂದೇ ಹೆಸರಿಗೆ ಮೂರು ನಾಲ್ಕು ರೋಗಗಳೂ ಇದ್ದರೆ ಲೆಕ್ಕವೇ ವ್ಯರ್ಥವೆಂದು ವಾದಿಸಿದನು. 1893ರಲ್ಲಿ ಷಿಕಾಗೋ ನಗರದ ಸಭೆಯಲ್ಲಿ ಫ್ರಾನ್ಸಿನ ಜಾಕ್ ಬರ್ಟಿಲ್ಯನ್ ಎಂಬಾತನು ಎಲ್ಲ ದೇಶಗಳಿಗೂ ಒಪ್ಪತಕ್ಕ ಮರಣಕಾರಣಗಳ ಪಟ್ಟಿಯನ್ನು ಮುಂದಿಟ್ಟನು. ಅದನ್ನು ಕಾಲಕಾಲಕ್ಕೆ ತಿದ್ದುತ್ತಾ ಬಂದರು. 1948ರ ಆರನೆಯ ಪರಿಷ್ಕರಣದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆ ಭಾರವನ್ನು ಹೊತ್ತು, ಮರಣದ ಕಾರಣಗಳ ಜೊತೆಗೆ ಬದುಕಿರುವವರ ರೋಗಗಳನ್ನೂ ಪಟ್ಟಿಗೆ ಸೇರಿಸಿತು. ಹತ್ತನೆಯ ಪರಿಷ್ಕರಣವು 1990ರಲ್ಲಿ ಅಂಗೀಕೃತವಾಯಿತು. ನಮ್ಮ ಆಸ್ಪತ್ರೆಗಳಲ್ಲಿ ಬಹಳ ಬಳಕೆಯಾಗಿರುವುದು ಇದು. ಹನ್ನೊಂದನೆಯದನ್ನು 2019ರಲ್ಲಿ ಅಂಗೀಕರಿಸಿ 2022ರ ಜನವರಿಯಿಂದ ಜಾರಿಗೆ ತಂದರು. ಆಯುರ್ವೇದ, ಸಿದ್ಧ, ಯುನಾನಿ ವೈದ್ಯಗಳ ಪರಿಭಾಷೆಗೂ ಅದರಲ್ಲಿ ಪ್ರತ್ಯೇಕ ಭಾಗವೊಂದು ದೊರೆತು, 2024ರ ಜನವರಿಯಲ್ಲಿ ದೆಹಲಿಯಲ್ಲಿ ಅದನ್ನು ಬಿಡುಗಡೆ ಮಾಡಿದರು. ರೋಗವಿನಿಶ್ಚಯವೆಂಬ ಹೆಸರಿನಿಂದ ಮಾಧವಕರನು ರೋಗಲಕ್ಷಣಗಳನ್ನು ಕ್ರಮವಾಗಿ ಜೋಡಿಸಿದ ದೇಶಕ್ಕೆ ಇದು ಸಂತೋಷದ ಸಂಗತಿಯೇ.

ಹತ್ತನೆಯ ಪರಿಷ್ಕರಣದ ಗ್ರಂಥದಲ್ಲಿ ಚಳಿಯ ಗಾಯಗಳಿಗೆ ಇರುವ ಸ್ಥಾನವನ್ನು ನೋಡೋಣ. ಮೊದಲು ಒಂದು ಅಕ್ಷರ, ಅನಂತರ ಎರಡು ಅಂಕಿಗಳು, ಚುಕ್ಕೆ, ಅದರ ಮುಂದೆ ಮತ್ತೊಂದು ಅಂಕಿ, ಇದು ಬರಹದ ಕ್ರಮ. ಮೇಲುಪದರದ ಹಿಮಕಡಿತಕ್ಕೆ ಟಿ 33. ಅಂಗಾಂಶವು ಸತ್ತುಹೋದ ತೀವ್ರವಾದ ಹಿಮಕಡಿತಕ್ಕೆ ಟಿ 34. ದೇಹದ ಹಲವು ಭಾಗಗಳಿಗೆ ಒಟ್ಟಿಗೆ ಆದುದಕ್ಕೂ, ಸ್ಥಳವನ್ನೋ ಬಗೆಯನ್ನೋ ಹೇಳದೆ ಬಿಟ್ಟುದಕ್ಕೂ ಟಿ 35. ಮೈಯೆಲ್ಲ ಶಾಖವನ್ನು ಕಳೆದುಕೊಂಡುದಕ್ಕೆ ಟಿ 68. ನೀರಿನಲ್ಲಿ ನೆನೆದು ಕೆಟ್ಟ ಪಾದ, ಚಳಿಯ ಬಾವು ಮೊದಲಾದುವಕ್ಕೆ ಟಿ 69. ಚುಕ್ಕೆಯ ಮುಂದಿನ ಅಂಕಿಯು ಅಂಗವನ್ನು ಹೇಳುತ್ತದೆ: ತಲೆಗೆ 0, ಮಣಿಕಟ್ಟು ಮತ್ತು ಕೈಗೆ 5, ಮೊಣಕಾಲು ಮತ್ತು ಅದರ ಕೆಳಗಿನ ಕಾಲಿಗೆ 7, ಹರಡು ಮತ್ತು ಪಾದಕ್ಕೆ 8. ಆದುದರಿಂದ ಟಿ 34.8 ಎಂದು ಬರೆದರೆ, ಪಾದದಲ್ಲಿ ಅಂಗಾಂಶವು ಸಾಯುವಷ್ಟು ಹಿಮಕಡಿತವಾಗಿದೆಯೆಂದು ಲೇಹದ ವೈದ್ಯನಿಗೂ ತಿಳಿಯುತ್ತದೆ, ನಾರ್ವೆ ದೇಶದ ವೈದ್ಯನಿಗೂ ತಿಳಿಯುತ್ತದೆ.

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಇದೇ ಪದ್ಧತಿಯನ್ನು ಇನ್ನೂ ಎಳೆದಿದ್ದಾರೆ. ಅಲ್ಲಿ 2015ರ ಅಕ್ಟೋಬರ್ 1ರಿಂದ ನಡೆಯುತ್ತಿರುವ ಕ್ರಮದಲ್ಲಿ ಏಳು ಸ್ಥಾನಗಳವರೆಗೆ ಬರೆಯುತ್ತಾರೆ. ಬಲಗಾಲಿನ ಬೆರಳುಗಳಿಗೆ ಟಿ 34.831, ಎಡಗಾಲಿನವಕ್ಕೆ ಟಿ 34.832. ಏಳನೆಯ ಸ್ಥಾನದಲ್ಲಿ ಒಂದು ಅಕ್ಷರ: ಗಾಯಕ್ಕೆ ಮುಖ್ಯಚಿಕಿತ್ಸೆ ನಡೆಯುತ್ತಿರುವಾಗ ‘ಎ’, ವಾಸಿಯಾಗುತ್ತಿರುವಾಗ ‘ಡಿ’, ಗಾಯದ ಶೇಷಫಲವಾಗಿ ಉಳಿದ ತೊಂದರೆಗೆ ‘ಎಸ್’. ನಮ್ಮ ಕಡೆಯ ಎಷ್ಟೋ ಮನೆಗಳ ಮಕ್ಕಳು ಓದಿಗಾಗಿಯೂ ಉದ್ಯೋಗಕ್ಕಾಗಿಯೂ ಹಿಮ ಬೀಳುವ ಆ ಸೀಮೆಗಳಲ್ಲಿದ್ದಾರೆ. ಅಲ್ಲಿ ಆಸ್ಪತ್ರೆಯ ಹಣವನ್ನು ವಿಮೆಯವರು ಕೊಡುವುದು ಈ ಬರಹವನ್ನು ನೋಡಿಯೇ. ಬಲಗಾಲಿಗೆ ಚಿಕಿತ್ಸೆ ನಡೆದು ಎಡಗಾಲಿನ ಸಂಖ್ಯೆಯು ಬಿದ್ದರೆ ಕಾಗದವು ಹಿಂದಿರುಗುವುದು.

ಗಾಯವನ್ನು ಹೇಳಿದ ಮಾತ್ರಕ್ಕೆ ಕೆಲಸವು ಮುಗಿಯಲಿಲ್ಲ. ಅದು ಹೇಗಾಯಿತೆಂಬುದನ್ನು ಹೇಳುವ ಎರಡನೆಯ ಸಂಖ್ಯೆಯೂ ಬೇಕು. ಸ್ವಾಭಾವಿಕವಾದ ಅತಿಶೈತ್ಯಕ್ಕೆ ಸಿಕ್ಕಿದ್ದರೆ ಎಕ್ಸ್ 31. ಮನುಷ್ಯನು ಉಂಟುಮಾಡಿದ ಶೈತ್ಯದಿಂದ, ಎಂದರೆ ಶೀತಲಗೃಹ, ಒಣಮಂಜುಗಡ್ಡೆ, ದ್ರವರೂಪದ ಸಾರಜನಕ ಇವುಗಳಿಂದ ಆಗಿದ್ದರೆ ಡಬ್ಲ್ಯು 93. ಹಿಮಪಾತ, ಭೂಕುಸಿತಗಳಿಗೆ ಸಿಕ್ಕಿದ್ದರೆ ಎಕ್ಸ್ 36. ಚರಕಾಚಾರ್ಯರು ರೋಗಗಳನ್ನು ನಿಜವೆಂದೂ ಆಗಂತುವೆಂದೂ ವಿಂಗಡಿಸಿದ್ದು ವಾಚಕರಲ್ಲಿ ಕೆಲವರಿಗೆ ನೆನಪಿದ್ದೀತು. ದೇಹದೊಳಗೇ ಹುಟ್ಟುವುದು ನಿಜ, ಹೊರಗಿನಿಂದ ಬಂದೆರಗುವುದು ಆಗಂತು. ಆಗಂತುವಿಗೆ ಮಾತ್ರ ಹೊರಗಿನ ಕಾರಣವನ್ನು ಪ್ರತ್ಯೇಕವಾಗಿ ಬರೆಯಬೇಕೆಂಬುದು ಈ ಗ್ರಂಥದ ನಿಯಮ. ಹೀಗೆ ಬಂದ ಗಾಯದಿಂದ ಮರಣವುಂಟಾದರೆ, ಮರಣದ ಲೆಕ್ಕದಲ್ಲಿ ಮೂಲಕಾರಣವಾಗಿ ಎಣಿಸುವುದು ಗಾಯವನ್ನಲ್ಲ, ಆ ಹೊರಗಿನ ಕಾರಣವನ್ನೇ. ಸೋನಂ ಠಾಣೆಯಂತಹ ದುರಂತದಲ್ಲಿ ಒಬ್ಬನು ಉಸಿರುಕಟ್ಟಿ ಸತ್ತಿರಬಹುದು, ಇನ್ನೊಬ್ಬನು ಶಾಖಹೀನತೆಯಿಂದ ಸತ್ತಿರಬಹುದು. ಪುಸ್ತಕದ ನ್ಯಾಯದಂತೆ ಇಬ್ಬರ ಮರಣದ ಮೂಲವೂ ಹಿಮಪಾತವೇ.

ಇಷ್ಟು ಕೇಳಿದವರು, ಇದರಲ್ಲಿ ಕಷ್ಟವೇನು, ಪುಸ್ತಕವನ್ನು ತೆರೆದು ಅಂಕಿಯನ್ನು ಬರೆದರಾಯಿತಲ್ಲ ಎಂದಾರು. ಹಿಮಕಡಿತದ ವಿಷಯದಲ್ಲಿ ಕಷ್ಟವಿರುವುದು ಕಾಲದಲ್ಲಿ. ಬೆಂಕಿಯ ಗಾಯವು ಎಷ್ಟು ಆಳವೆಂಬುದು ಸ್ವಲ್ಪ ಬೇಗನೆ ತಿಳಿದುಬರುತ್ತದೆ. ಹಿಮದ ಗಾಯವು ಹಾಗಲ್ಲ. ಮೊದಲನೆಯ ದಿನ ಬಿಳಿಚಿ ಗಟ್ಟಿಯಾದ ಬೆರಳು ಉಳಿದೀತೋ ಹೋದೀತೋ ಎಂಬುದು ನುರಿತ ಶಸ್ತ್ರವೈದ್ಯನಿಗೂ ಕಣ್ಣಿನಿಂದ ತಿಳಿಯದು. ಸತ್ತ ಭಾಗಕ್ಕೂ ಬದುಕಿದ ಭಾಗಕ್ಕೂ ನಡುವೆ ಗೆರೆಯು ಸ್ಪಷ್ಟವಾಗಲು ವಾರಗಳೂ ತಿಂಗಳುಗಳೂ ಬೇಕಾಗುತ್ತವೆ. ಜನವರಿಯಲ್ಲಿ ಹೆಪ್ಪುಗಟ್ಟಿದುದನ್ನು ಜುಲೈಯಲ್ಲಿ ಕತ್ತರಿಸತಕ್ಕದ್ದೆಂಬ ಅರ್ಥದ ನಾಣ್ಣುಡಿಯು ಶಸ್ತ್ರವೈದ್ಯರಲ್ಲಿ ಬಹುಕಾಲದಿಂದ ಇದೆ. ಈಚೆಗೆ ಮೂಳೆಯ ರಕ್ತಸಂಚಾರವನ್ನು ತೋರಿಸುವ ಚಿತ್ರಗಳಿಂದ ಕೆಲವು ದಿನಗಳಲ್ಲಿಯೇ ಅಂದಾಜು ಮಾಡುವ ಉಪಾಯವು ಬಂದಿದೆ. ಆದರೆ ಅದು ಎಲ್ಲ ಊರುಗಳಲ್ಲಿಯೂ ದೊರೆಯುವುದಲ್ಲ. ಆದುದರಿಂದ ಮೊದಲ ದಿನದ ಕಾಗದದಲ್ಲಿ ಟಿ 33 ಎಂದು ಬರೆದುದು ಆರನೆಯ ವಾರದಲ್ಲಿ ಟಿ 34 ಆಗಬೇಕಾಗಿ ಬರಬಹುದು. ಮೊದಲು ಬರೆದದ್ದು ಅಪರಾಧವಲ್ಲ. ಆ ದಿನ ಕಂಡದ್ದು ಅಷ್ಟೇ. ಆದರೆ ಕಂಡದ್ದು ಹೆಚ್ಚಿದ ಮೇಲೆಯೂ ಬರಹವು ಹಳೆಯದೇ ಆಗಿ ಉಳಿಯುವುದು ಮಾತ್ರ ಅನ್ಯಾಯ.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಸಂಖ್ಯೆಯನ್ನು ಬರೆಯುವ ಗುಮಾಸ್ತನು ರೋಗಿಯನ್ನು ನೋಡುವುದಿಲ್ಲ. ಅವನು ನೋಡುವುದು ವೈದ್ಯನು ಬರೆದ ಟಿಪ್ಪಣಿಯನ್ನು. ಟಿಪ್ಪಣಿಯಲ್ಲಿ ‘ಕಾಲಿಗೆ ಚಳಿಯ ಗಾಯ’ ಎಂದಿಷ್ಟೇ ಇದ್ದರೆ, ಅಂಗಾಂಶವು ಸತ್ತಿತೆಂದು ಊಹಿಸಿ ಬರೆಯುವ ಅಧಿಕಾರವು ಅವನಿಗಿಲ್ಲ. ಅವನು ಅನಿರ್ದಿಷ್ಟವೆಂಬ ಸಾಲಿನಲ್ಲಿ ಅದನ್ನು ಹಾಕಬೇಕಾಗುತ್ತದೆ. ಮೂರು ಬೆರಳುಗಳನ್ನು ಕಳೆದುಕೊಂಡವನೂ, ಒಂದು ವಾರ ಜೋಮು ಹಿಡಿದು ವಾಸಿಯಾದವನೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತುಬಿಡುತ್ತಾರೆ. ಯಾವ ಅಂಗ, ಯಾವ ಪಾರ್ಶ್ವ, ಎಷ್ಟು ಆಳ, ಯಾವ ಕಾರಣ ಎಂಬ ನಾಲ್ಕು ಮಾತುಗಳನ್ನು ವೈದ್ಯನು ಬರೆದರೆ ಸಂಖ್ಯೆಯು ತಾನಾಗಿಯೇ ಸರಿಹೋಗುತ್ತದೆ.

ಈ ಬರಹವನ್ನು ನಂಬಿ ನಿಂತಿರುವುದು ಏನು? ಮೊದಲನೆಯದು ಚಿಕಿತ್ಸೆ. ತೀವ್ರ ಹಿಮಕಡಿತದಲ್ಲಿ ಬೆರಳು ಕತ್ತರಿಸುವ ಸಂಭವವನ್ನು ಕಡಮೆಮಾಡಲು ಇಲೋಪ್ರಾಸ್ಟ್ ಎಂಬ ಔಷಧಕ್ಕೆ 2024ರ ಫೆಬ್ರುವರಿಯಲ್ಲಿ ಅಮೆರಿಕದ ಔಷಧಾಧಿಕಾರಿಗಳು ಒಪ್ಪಿಗೆಯಿತ್ತರು. ತೀವ್ರವಾದುದು ಯಾವುದು, ಅಲ್ಲವಾದುದು ಯಾವುದು ಎಂದು ಹಿಂದಿನ ದಾಖಲೆಗಳಲ್ಲಿ ಬೇರೆಬೇರೆಯಾಗಿ ಬರೆದಿರದಿದ್ದರೆ ಔಷಧದ ಗುಣವನ್ನು ಅಳೆಯುವುದಾದರೂ ಹೇಗೆ?

ಎರಡನೆಯದು ಜೀವನೋಪಾಯ. ಬೆರಳುಗಳನ್ನು ಕಳೆದುಕೊಂಡು ಊರಿಗೆ ಬಂದ ಯೋಧನಿಗೆ ಅಂಗವೈಕಲ್ಯದ ಪಿಂಚಣಿಯು ದೊರೆಯಬೇಕಾದರೆ, ಆ ವೈಕಲ್ಯವು ಸೇವೆಯಿಂದ ಉಂಟಾಯಿತೋ, ಅಥವಾ ಸೇವೆಯಿಂದ ಹೆಚ್ಚಿತೋ ಎಂಬ ಪ್ರಶ್ನೆಯು ಬರುತ್ತದೆ. ಈ ವಿಷಯದಲ್ಲಿ 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಧರಮ್‌ವೀರ್ ಸಿಂಗ್ ಎಂಬ ಯೋಧನ ವ್ಯಾಜ್ಯದಲ್ಲಿ ಕೊಟ್ಟ ತೀರ್ಪು ಮುಖ್ಯವಾದುದು. ಅಲ್ಲಿ ಪ್ರಶ್ನೆಯಾಗಿದ್ದುದು ಹಿಮಕಡಿತವಲ್ಲ, ಮೂರ್ಛೆಯ ರೋಗ. ಸೇರುವಾಗ ರೋಗವಿದ್ದಿತೆಂದು ದಾಖಲೆಯಲ್ಲಿ ಬರೆದಿರದಿದ್ದರೆ ಆತನು ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು, ಅನಂತರ ಬಂದುದು ಸೇವೆಯಿಂದಲ್ಲವೆಂದು ತೋರಿಸುವ ಭಾರವು ನೌಕರಿ ಕೊಟ್ಟವರ ಮೇಲೆ ಇರುತ್ತದೆ, ವೈದ್ಯಮಂಡಲಿಯು ಕಾರಣಗಳನ್ನು ಬರೆಯಬೇಕು ಎಂಬುದು ಅದರ ಸಾರ. ಒಂದು ಸಾಲಿನ ಬರಹವಿರುವುದೂ ಇಲ್ಲದಿರುವುದೂ ಒಂದು ಸಂಸಾರದ ಊಟವನ್ನು ನಿರ್ಣಯಿಸುವುದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಮೂರನೆಯದು ದೇಶದ ಲೆಕ್ಕ. ಎಣಿಕೆಗೆ ಬಾರದ ಕಷ್ಟಕ್ಕೆ ಯಾರೂ ಹಣವನ್ನು ತೆಗೆದಿಡುವುದಿಲ್ಲ. ನಮ್ಮ ರೈತರಿಗೆ ಹಿಮಕ್ಕಿಂತ ಹತ್ತಿರದ ಹಾವನ್ನೇ ನೋಡಿರಿ. ವಿಷಸರ್ಪದ ಕಡಿತಕ್ಕೆ ಕಾರಣದ ಸಂಖ್ಯೆ ಎಕ್ಸ್ 20. ಹಳ್ಳಿಗಳಲ್ಲಿ ಹಾವು ಕಡಿದು ಸತ್ತವರಲ್ಲಿ ಎಷ್ಟೋ ಮಂದಿ ಆಸ್ಪತ್ರೆಯ ಪುಸ್ತಕಕ್ಕೆ ಬಾರದೆ ಹೋಗುತ್ತಿದ್ದರು. 2024ರಲ್ಲಿ ಕರ್ನಾಟಕ ಸರ್ಕಾರವು ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿಮಾಡತಕ್ಕದ್ದೆಂದು ವಿಧಿಸಿತು. ಎಣಿಸಿದ ಮೇಲೆ, ಯಾವ ತಾಲ್ಲೂಕಿಗೆ ಎಷ್ಟು ಪ್ರತಿವಿಷ ಬೇಕೆಂಬುದು ತಿಳಿಯುತ್ತದೆ. ಹಿಮಕಡಿತದ ಲೆಕ್ಕವೂ ಹಾಗೆಯೇ. ಯಾವ ಠಾಣೆಯಲ್ಲಿ, ಯಾವ ಮಾಸದಲ್ಲಿ, ಕೈಗೋ ಕಾಲಿಗೋ ಎಂಬುದು ನಿಖರವಾಗಿದ್ದರೆ ಕೈಚೀಲವನ್ನು ಸುಧಾರಿಸಬೇಕೋ ಪಾದರಕ್ಷೆಯನ್ನು ಸುಧಾರಿಸಬೇಕೋ ಎಂಬುದು ತಾನೇ ಗೊತ್ತಾಗುತ್ತದೆ.

ಮನುಷ್ಯನ ನೋವನ್ನು ಅಕ್ಷರಕ್ಕೂ ಅಂಕಿಗೂ ಇಳಿಸುವುದು ಹೃದಯವಿಲ್ಲದ ಕೆಲಸವೆಂಬ ಆಕ್ಷೇಪವೊಂದುಂಟು. ಇದನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಟಿ 68 ಎಂಬುದರಲ್ಲಿ ಬೆಟದೂರಿನ ಹೆಸರಿಲ್ಲ, ಆರು ದಿನಗಳ ಕತ್ತಲೆಯಿಲ್ಲ. ಆದರೆ ನಮ್ಮ ಊರಿನ ಶಾಸನಗಳನ್ನು ನೆನೆಯಿರಿ. ಚಿಕ್ಕಬೆಟ್ಟದ ಬಂಡೆಗಳ ಮೇಲೆ ಏಳನೆಯ ಶತಮಾನದಿಂದಲೂ ಮುನಿಗಳೂ ಆರ್ಯಿಕೆಯರೂ ವ್ರತವನ್ನು ಹಿಡಿದು ದೇಹವನ್ನು ಬಿಟ್ಟ ವಿಷಯವನ್ನು ಬರೆದಿದ್ದಾರೆ. ಸತ್ತವರಾರು, ಯಾವ ರೀತಿಯಲ್ಲಿ ಸತ್ತರು ಎಂಬುದನ್ನು ಕಲ್ಲಿಗೆ ಒಪ್ಪಿಸಿದ ಸ್ಥಳವಿದು. ನಾಡಿನ ವೀರಗಲ್ಲುಗಳೂ ಇದನ್ನೇ ಮಾಡಿದುವು: ತುರುಗಳನ್ನು ಬಿಡಿಸಲು ಹೋಗಿ ಸತ್ತನು, ಹುಲಿಯೊಡನೆ ಹೋರಾಡಿ ಸತ್ತನು ಎಂದು ಕಾರಣಸಹಿತವಾಗಿ ಕೆತ್ತಿದುವು. ಬೆಳಗೊಳದ ಶಾಸನಗಳಿಗೆ ವಿದ್ವಾಂಸರು ಸಂಖ್ಯೆಗಳನ್ನು ಕೊಟ್ಟರು. ಬಿ. ಎಲ್. ರೈಸ್ ಮಹಾಶಯರು 1889ರಲ್ಲಿ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಅವು 500 ಆದುವು. ಮೈಸೂರು ವಿಶ್ವವಿದ್ಯಾನಿಲಯದ 1973ರ ಸಂಪುಟದಲ್ಲಿ 573 ಆದುವು. ಸಂಖ್ಯೆಯನ್ನು ಕೊಟ್ಟುದರಿಂದ ಯಾವ ಶಾಸನದ ಮಹಿಮೆಯೂ ಕುಗ್ಗಲಿಲ್ಲ. ಸಂಖ್ಯೆಯಿಲ್ಲದೆ ಬಂಡೆಯ ಮೇಲೆ ಸವೆಯುತ್ತಿದ್ದುದು ಮಾತ್ರ ಲೋಕಕ್ಕೆ ಕಾಣದೆ ಇದ್ದಿತು. ಅಂಕಿಯು ವ್ಯಕ್ತಿಯ ಬದಲಿಗೆ ನಿಲ್ಲುವುದಿಲ್ಲ. ಹುಡುಕಿದಾಗ ಅವನು ಸಿಕ್ಕುವಂತೆ ಮಾಡುತ್ತದೆ, ಅಷ್ಟೆ.

ಗೃಹಿಣಿಯರೂ ಗೃಹಸ್ಥರೂ ತಿಳಿದಿರಬೇಕಾದ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇವೆ. ಹಿಮಕಡಿತವು ಬೆಚ್ಚಗಿನ ಸೀಮೆಯ ಮನೆಗೂ ಬರಬಲ್ಲದು. ಔತಣಗಳಲ್ಲಿ ಹೊಗೆಯೇಳಿಸುವ ಒಣಮಂಜುಗಡ್ಡೆಯ ಶೈತ್ಯವು ಸೊನ್ನೆಗಿಂತ 78 ಡಿಗ್ರಿಗಳಷ್ಟು ಕೆಳಗಿನದು. ದ್ರವ ಸಾರಜನಕದ್ದು 196 ಡಿಗ್ರಿಗಳಷ್ಟು ಕೆಳಗಿನದು. ಮದುವೆಯ ಔತಣವೊಂದರಲ್ಲಿ ದ್ರವ ಸಾರಜನಕವನ್ನು ಹಾಕಿದ ಬೀಡಾವನ್ನು ತಿಂದ ಬಾಲಕಿಯ ಜಠರದಲ್ಲಿ ರಂಧ್ರವಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತೆಂಬ ವರದಿಯು 2024ರಲ್ಲಿ ಬೆಂಗಳೂರಿನಿಂದ ಬಂದಿತು. ಹೊಗೆಯಾಡುವ ತಿನಿಸನ್ನು ಮಕ್ಕಳ ಕೈಗೆ ಕೊಡಬಾರದು. ಉಳುಕಿದ ಕಾಲಿಗೆ ಮಂಜುಗಡ್ಡೆಯನ್ನು ಇಡುವಾಗ ನಡುವೆ ಬಟ್ಟೆಯಿರಬೇಕು, ಬಹಳ ಹೊತ್ತು ಇಡಬಾರದು. ಅಡಿಗೆಯ ಅನಿಲವು ಸೋರಿ ದ್ರವವಾಗಿ ಚಿಮ್ಮಿದರೂ ಚರ್ಮವು ಶೀತದಿಂದ ಸುಡುತ್ತದೆ.

ಹಿಮದ ಸೀಮೆಗಳಲ್ಲಿರುವ ಮಕ್ಕಳಿಗೆ ಇಷ್ಟನ್ನು ಬರೆದು ತಿಳಿಸಿರಿ. ಮರಗಟ್ಟಿದ ಬೆರಳನ್ನು ಉಜ್ಜಬಾರದು. ಹಿಮದಿಂದಂತೂ ಉಜ್ಜಲೇಬಾರದು. ನೆಪೋಲಿಯನ್ನನ ಶಸ್ತ್ರವೈದ್ಯನಾಗಿದ್ದ ಲಾರೆಯು 1812ರ ರಷ್ಯಾದ ದಂಡಯಾತ್ರೆಯಲ್ಲಿ ಕಂಡದ್ದರ ಮೇಲೆ ಹಾಗೆ ಉಜ್ಜಬೇಕೆಂದು ಹೇಳಿದ್ದನು. ಬೆಂಕಿಗೆ ಒಡ್ಡಿದವರ ಅಂಗಗಳು ಕೆಟ್ಟುದನ್ನು ಅವನು ನೋಡಿದ್ದನು. ಆ ಮಾತನ್ನು ಲೋಕವು ನೂರು ವರ್ಷಗಳಿಗೂ ಮೀರಿ ನಂಬಿತು. ಈಗ ಅದನ್ನು ಬಿಟ್ಟಿದ್ದಾರೆ. ಜೋಮು ಹಿಡಿದ ಅಂಗಕ್ಕೆ ಬಿಸಿಯ ಅರಿವಿಲ್ಲದುದರಿಂದ ಒಲೆಗೂ ಒಡ್ಡಬಾರದು. 37ರಿಂದ 39 ಡಿಗ್ರಿಗಳ ಉಗುರುಬೆಚ್ಚನೆಯ ನೀರಿನಲ್ಲಿ ಸುಮಾರು ಅರ್ಧಗಂಟೆ ಇಡಬೇಕು. ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ, ಸುರಕ್ಷಿತವಾದ ಸ್ಥಳವನ್ನು ಸೇರುವವರೆಗೆ ಕರಗಿಸದಿರುವುದೇ ಮೇಲು. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ಅಂಗವು ಹೆಚ್ಚು ಕೆಡುತ್ತದೆ. ತಂಬಾಕನ್ನು ಮುಟ್ಟಬಾರದು.

ಕಾಗದಗಳ ವಿಷಯ. ಆಸ್ಪತ್ರೆಯನ್ನು ಬಿಡುವಾಗ ಕೊಟ್ಟ ಸಾರಾಂಶಪತ್ರದಲ್ಲಿ ಗಾಯದ ಹೆಸರು, ಅಂಗ, ಎಡ ಬಲ, ಗಾಯದ ಕಾರಣ, ತಾರೀಖು ಇವು ಸರಿಯಾಗಿವೆಯೇ ಎಂದು ಅಲ್ಲಿಯೇ ಓದಿರಿ. ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿರಿ. ವ್ಯತ್ಯಾಸವಿದ್ದರೆ ವೈದ್ಯರನ್ನು ವಿನಯದಿಂದ ಕೇಳಿ ತಿದ್ದಿಸಿಕೊಳ್ಳಿರಿ. ಗಾಯವು ಮುಂದೆ ಹೆಚ್ಚಿದರೆ ಹೊಸ ಪತ್ರದಲ್ಲಿ ಹೊಸ ಸ್ಥಿತಿಯನ್ನು ಬರೆಸಿಕೊಳ್ಳಿರಿ. ಹಳೆಯದನ್ನು ಎಸೆಯಬೇಡಿರಿ. ಮರಣವು ಸಂಭವಿಸಿದಲ್ಲಿ, 1969ರ ಜನನಮರಣ ನೋಂದಣಿ ಕಾಯಿದೆಗೆ 2023ರಲ್ಲಿ ಮಾಡಿದ ತಿದ್ದುಪಡಿಯಂತೆ, ಚಿಕಿತ್ಸೆ ನಡೆದ ಆಸ್ಪತ್ರೆಯವರು ಮರಣಕಾರಣದ ಪ್ರಮಾಣಪತ್ರವನ್ನು ನೋಂದಣಾಧಿಕಾರಿಗೆ ಕಳುಹಿಸುವುದರ ಜೊತೆಗೆ ಹತ್ತಿರದ ಬಂಧುವಿಗೂ ಪ್ರತಿಯನ್ನು ಕೊಡತಕ್ಕದ್ದು. ದುಃಖದ ವೇಳೆಯಲ್ಲಿ ಅದನ್ನು ಕೇಳಲು ಸಂಕೋಚವಾಗುವುದು ಸಹಜ. ಆದರೂ ಮನೆಯಲ್ಲಿ ಯಾರಾದರೂ ಒಬ್ಬರು ಮನಸ್ಸನ್ನು ಗಟ್ಟಿಮಾಡಿಕೊಂಡು ಕೇಳಿ ತೆಗೆದಿಡಬೇಕು. ವಿಧವೆಗೂ ಮಕ್ಕಳಿಗೂ ಆ ಒಂದು ಹಾಳೆಯು ಮುಂದೆ ಹೊಲದ ಪತ್ರದಷ್ಟೇ ಬೆಲೆಯುಳ್ಳದ್ದಾದೀತು. ಅದನ್ನು ಆ ಪತ್ರದ ಪಕ್ಕದಲ್ಲಿಯೇ ಇಟ್ಟಿರಿ.